ಗಾನಯೋಗಿ ಶ್ರೀ ಪಂಚಾಕ್ಷರ ಗವಾಯಿಗಳವರು

ಬಣ್ಣದ ಬೊಂಬೆಗಳಿಂದ ಹೆಸರಾದ ಚನ್ನಪಟ್ಟಣಕ್ಕೆ ಹಿಂದೆ ಮತ್ತೊಂದು ಕೀರ್ತಿಯೂ ಇದ್ದಿತು. ವಾದ್ಯಗಳಿಗೆ ಬಿಗಿಯುವ ಉಕ್ಕಿನ ತಂತಿಯನ್ನು ಅಲ್ಲಿ ತಯಾರಿಸುತ್ತಿದ್ದರು. ಅದು ಭರತಖಂಡದ ದೂರದ ಪ್ರಾಂತಗಳಿಗೂ ಹೋಗುತ್ತಿದ್ದುದನ್ನು 1800ರಲ್ಲಿ ಈ ಸೀಮೆಯಲ್ಲಿ ಸಂಚರಿಸಿದ ಬುಕಾನನನು ಬರೆದಿಟ್ಟಿದ್ದಾನೆ. ತಂತಿಯು ಎಷ್ಟೇ ಉತ್ತಮವಾಗಿರಲಿ, ಸಡಿಲವಾಗಿದ್ದರೆ ನಾದ ಹೊಮ್ಮದು; ಮಿತಿಮೀರಿ ಬಿಗಿದರೆ ಹರಿದುಹೋಗುವುದು. ಅದನ್ನು ಶ್ರುತಿಗೆ ಕೂಡಿಸಬಲ್ಲ ಕೈ ಬೇಕು. ಮಾನವನ ಅಂತಃಕರಣವೂ ಹಾಗೆಯೇ. ಅದನ್ನು ಶ್ರುತಿಗೊಳಿಸುವವನು ಗುರು. ಕಾಯವನ್ನೇ ಶಿವನ ವಾದ್ಯವೆಂದು ಭಾವಿಸಿದ ಬಸವಣ್ಣನವರ ಆಶಯವನ್ನು ಕಳೆದ ಶತಮಾನದಲ್ಲಿ ಬಾಳಿ ತೋರಿಸಿದವರು ಗಾನಯೋಗಿ ಪಂಚಾಕ್ಷರ ಗವಾಯಿಗಳು.

ಹಾನಗಲ್ಲ ಸೀಮೆಯ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಅವರ ಜನನವಾಯಿತು. ತಂದೆ ಗುರುಪಾದಯ್ಯನವರು, ತಾಯಿ ನೀಲಮ್ಮನವರು. ಮಗುವಿಗೆ ಇಟ್ಟ ಹೆಸರು ಗದಿಗೆಯ್ಯ. ಹುಟ್ಟಿನಿಂದಲೇ ಕಣ್ಣಿರಲಿಲ್ಲ; ಅಣ್ಣನಾದ ಗುರುಬಸವಯ್ಯನೂ ಅಂಧನೇ. ಬಡತನದ ಮನೆಯಲ್ಲಿ ಇಬ್ಬರು ಅಂಧಬಾಲಕರ ಗತಿಯೇನೆಂಬ ಚಿಂತೆ ತಂದೆತಾಯಿಗಳಿಗೆ ಸಹಜವಾಗಿದ್ದಿತು. ಆದರೆ ಈ ಸೋದರರ ಇಂಪಾದ ಕಂಠವು ಹಾನಗಲ್ಲ ವಿರಕ್ತಮಠದ ಶ್ರೀ ಕುಮಾರಸ್ವಾಮಿಗಳವರ ಕೃಪಾದೃಷ್ಟಿಗೆ ಪಾತ್ರವಾಯಿತು. ಲೋಕವು ಕೊರತೆಯನ್ನು ಕಂಡ ಕಡೆ ಶ್ರೀಗಳವರು ನಾದವನ್ನು ಕಂಡರು. ಬಾಲಕರನ್ನು ಮಠದ ಮಕ್ಕಳನ್ನಾಗಿ ಸ್ವೀಕರಿಸಿದರು. ಅಣ್ಣನು ಅಕಾಲದಲ್ಲಿ ಅಗಲಿದನು. ತಮ್ಮನು ಆ ದುಃಖವನ್ನು ನುಂಗಿ ಸಾಧನೆಗೆ ತೊಡಗಿದನು.

ಗುರುಗಳ ಅಪ್ಪಣೆಯಂತೆ ಮೈಸೂರಿನಲ್ಲಿ ಕರ್ನಾಟಕ ಸಂಗೀತವನ್ನೂ, ಮಲಪ್ರಭೆಯ ದಡದಲ್ಲಿ 1909ರಲ್ಲಿ ಸ್ಥಾಪಿತವಾದ ಶಿವಯೋಗಮಂದಿರದಲ್ಲಿ ನೀಲಕಂಠಬುವಾ ಮಿರಜಕರರಿಂದ ಹಿಂದೂಸ್ತಾನಿ ಸಂಗೀತವನ್ನೂ ಕಲಿತು, ಗವಾಯಿಗಳು ಉಭಯಗಾನ ವಿಶಾರದರೆನಿಸಿದರು. ಅಂತಹ ವಿದ್ವಾಂಸರಿಗೆ ಧನಿಕರ ಸಭೆಗಳನ್ನು ಆಶ್ರಯಿಸಿ ಸುಖವಾಗಿರುವುದು ಕಷ್ಟವಾಗಿರಲಿಲ್ಲ. ಆದರೆ ಅಂಧರಿಗೂ ಅನಾಥರಿಗೂ ವಿದ್ಯಾದಾನ ಮಾಡಬೇಕೆಂಬ ಗುರುವಾಜ್ಞೆಯನ್ನು ಅವರು ಶಿರಸಾವಹಿಸಿದರು. ಬ್ರಹ್ಮಚರ್ಯವನ್ನು ಕೈಕೊಂಡು, ಶಿಷ್ಯರನ್ನು ಕಟ್ಟಿಕೊಂಡು ಊರೂರು ಸಂಚರಿಸಿದರು. ಆ ಪಾಠಶಾಲೆಗೆ ಸ್ವಂತ ಸೂರಿಲ್ಲ. ಭಕ್ತರು ನೀಡಿದ ಕಾಳುಕಡಿಯೇ ಅದರ ಭಂಡಾರ.

1930ರಲ್ಲಿ ಕುಮಾರಸ್ವಾಮಿಗಳವರು ಲಿಂಗೈಕ್ಯರಾದರು. ಆಶ್ರಯವಾಗಿದ್ದ ಮಹಾವೃಕ್ಷವೇ ಉರುಳಿದಂತಾಯಿತು. ಶಾಲೆಯನ್ನು ಮುಚ್ಚಿದ್ದರೆ ಗವಾಯಿಗಳೊಬ್ಬರು ಹೇಗೋ ಬದುಕುತ್ತಿದ್ದರು. ಅವರ ಕೈಹಿಡಿದು ನಡೆಯುತ್ತಿದ್ದ ಬಾಲಕರು ಮತ್ತೆ ಬೀದಿಯ ಪಾಲಾಗುತ್ತಿದ್ದರು. ಅವರು ಮುಚ್ಚಲಿಲ್ಲ. ಮಕ್ಕಳ ಅನ್ನಕ್ಕಾಗಿ ನಾಟಕ ಮಂಡಳಿಯನ್ನೂ ನಡೆಸಿದರು. ಕಡೆಗೆ ಗದಗಿನ ವೀರೇಶ್ವರ ಪುಣ್ಯಾಶ್ರಮವು ಶಾಲೆಗೆ ನೆಲೆಯಾಯಿತು.

ಗವಾಯಿಗಳಿಗೆ ಲಿಂಗಪೂಜೆಯೂ ಗಾಯನವೂ ಭಿನ್ನವಾಗಿರಲಿಲ್ಲ. ಷಡ್ಜದಲ್ಲಿ ಕಂಠವನ್ನು ನಿಲ್ಲಿಸಬೇಕಾದರೆ ಮೊದಲು ಉಸಿರು ನಿಲ್ಲಬೇಕು. ಉಸಿರು ಹದಕ್ಕೆ ಬಂದಾಗ ಚಂಚಲವಾದ ಮನಸ್ಸು ತಾನಾಗಿ ತಗ್ಗುವುದು. ಹಾಗೆ ತಗ್ಗಿದ ಮನಸ್ಸಿಗೆ ಶರಣರ ವಚನದ ಅರ್ಥ ಇಳಿಯುವುದು. ಈ ಕಾರಣದಿಂದಲೇ ಅವರು ವಚನಗಳನ್ನು ರಾಗಕ್ಕೆ ಅಳವಡಿಸಿ ಹಾಡಿದರು, ಹಾಡಿಸಿದರು. ಗದ್ಯದಂತಿರುವ ವಚನದಲ್ಲಿ ರಾಗದ ಬೆಡಗು ಹೆಚ್ಚಾದರೆ ನುಡಿ ಮುಳುಗುವುದು. ನುಡಿಯನ್ನೇ ಒತ್ತಿದರೆ ರಾಗ ಒಣಗುವುದು. ಎರಡನ್ನೂ ಸಮನಾಗಿ ನಡೆಸುವ ಆ ಗಾಯನವು ಹಾಡುವವನಿಗೂ ಕೇಳುವವನಿಗೂ ಚಿತ್ತಸಮತೆಯ ಅಭ್ಯಾಸವಾಯಿತು.

1944ರಲ್ಲಿ ಗವಾಯಿಗಳು ಲಿಂಗದಲ್ಲಿ ಬೆರೆತರು. ಅವರು ಬಿಟ್ಟುಹೋದ ಆಸ್ತಿ ಶಿಷ್ಯವರ್ಗವೇ. ಬಸವರಾಜ ರಾಜಗುರುಗಳು ಅವರ ಗರಡಿಯಲ್ಲಿ ಬೆಳೆದವರು. ಶೈಶವದಲ್ಲಿಯೇ ದೃಷ್ಟಿ ಕಳೆದುಕೊಂಡಿದ್ದ ಪುಟ್ಟರಾಜ ಗವಾಯಿಗಳು ಗುರುವಿನ ಭಾರವನ್ನು ಹೊತ್ತು, 2010ರಲ್ಲಿ ಲಿಂಗೈಕ್ಯರಾಗುವವರೆಗೆ ಆಶ್ರಮವನ್ನು ನಡೆಸಿದರು. ಒಬ್ಬ ಅಂಧನು ಮತ್ತೊಬ್ಬ ಅಂಧನಿಗೆ ದಾರಿ ತೋರಲಾರನೆಂಬ ಲೋಕದ ಮಾತು ಗದಗಿನಲ್ಲಿ ಸುಳ್ಳಾಯಿತು.

ಗೃಹಸ್ಥರಾದ ಭಕ್ತರೆಲ್ಲರೂ ಗವಾಯಿಗಳಾಗಬೇಕಾಗಿಲ್ಲ. ದುಡಿಮೆಯ ದಣಿವಿನಿಂದಲೂ ಮನೆವಾರ್ತೆಯ ಮಾತುಗಳಿಂದಲೂ ಅಂತಃಕರಣದ ತಂತಿ ದಿನವೂ ಶ್ರುತಿ ತಪ್ಪುತ್ತದೆ. ಸಂಜೆಯ ಪೂಜೆಯಾದ ಮೇಲೆ ಮನೆಮಂದಿಯೆಲ್ಲ ಕುಳಿತು, ಬಲ್ಲಷ್ಟು ರಾಗದಲ್ಲಿ, ಒಂದೇ ಒಂದು ವಚನವನ್ನು ಅರ್ಥವರಿತು ಹಾಡಿದರೆ ಸಾಕು. ಕಂಠದಲ್ಲಿ ಕೂಡಿದ ಶ್ರುತಿ ಮರುದಿನದ ನಡೆಯಲ್ಲಿಯೂ ಉಳಿಯಲಿ.