ಕೆಂಗೂದಲಿನ ಗುರು ವಿವಾಲ್ಡಿ

ಚರ್ಚಿನ ಗಾಯನ ಮಂಡಳಿಗಳನ್ನು ಕಂಡಾಗ ನಮಗೆ ವಂದನೀಯ ಆಂಟೋನಿಯೊ ವಿವಾಲ್ಡಿಯವರ ನೆನಪಾಗುತ್ತದೆ. 1678ರಲ್ಲಿ ವೆನಿಸ್‌ನಲ್ಲಿ ಜನಿಸಿ, 1703ರಲ್ಲಿ ಗುರುದೀಕ್ಷೆ ಪಡೆದ ಇವರನ್ನು ಜನ ಕೆಂಪು ಗುರುಗಳೆಂದೇ ಕರೆಯುತ್ತಿದ್ದರು. ಎದೆಯ ಕಾಯಿಲೆಯಿಂದಾಗಿ ಕೆಲವೇ ವರ್ಷಗಳಲ್ಲಿ ಬಲಿಪೂಜೆ ಅರ್ಪಿಸುವುದನ್ನು ನಿಲ್ಲಿಸಿದರು. ಆದರೆ ಸೇವೆ ನಿಲ್ಲಲಿಲ್ಲ. ಪಿಯೆತಾ ಅನಾಥಾಲಯದ ಹೆಣ್ಣುಮಕ್ಕಳಿಗೆ ಪಿಟೀಲು ಕಲಿಸಿ, ಅವರಿಗಾಗಿಯೇ ಅನೇಕ ಕೃತಿಗಳನ್ನು ರಚಿಸಿದರು. ವೇಗ, ನಿಧಾನ, ಮತ್ತೆ ವೇಗ ಎಂಬ ಮೂರು ಭಾಗಗಳ ಕಾನ್ಸರ್ಟೊ ಇವರ ಕೈಯಲ್ಲಿ ನೆಲೆಗೊಂಡಿತು. ಇಂಥವನ್ನು ಸುಮಾರು 500 ಬರೆದರು. ಕೆಲವನ್ನು ಬಾಖ್ ಅವರೂ ಆರ್ಗನ್‌ಗೆ ಅಳವಡಿಸಿಕೊಂಡರು.

1741ರಲ್ಲಿ ವಿಯೆನ್ನಾದಲ್ಲಿ ಬಡತನದಲ್ಲೇ ಮರಣಹೊಂದಿದರು. ಬಹುಕಾಲ ಲೋಕ ಇವರನ್ನು ಮರೆತಿತ್ತು. 1939ರಲ್ಲಿ ಸಿಯೆನಾದಲ್ಲಿ ಇವರ ‘ಗ್ಲೋರಿಯಾ’ ಮತ್ತೆ ಮೊಳಗಿತು. ಪೀಠದ ಮುಂದೆ ನಿಲ್ಲಲಾಗದ ಗುರುವಿನ ಸ್ತುತಿಯನ್ನು ಇಂದು ಲೋಕವೇ ಹಾಡುತ್ತಿದೆ. ಮಕ್ಕಳಿಗೆ ಹಾಡು ಕಲಿಸುವ ನಮ್ಮವರು ಧೈರ್ಯಗೆಡದಿರಲಿ.