90 ಸಾವಿರ ಚೀಟಿಗಳ ಸಮಾಜಶಾಸ್ತ್ರಜ್ಞ
ಟಿಪ್ಪಣಿಗಳನ್ನು ಕೊಂಡಿಗಳಿಂದ ಬೆಸೆಯುವ ವೈಯಕ್ತಿಕ ವಿಕಿ ತಂತ್ರಾಂಶಗಳು ಇಂದು ಸಂಶೋಧಕರಿಗೆ ಸುಪರಿಚಿತ. ಕಂಪ್ಯೂಟರ್‌ನ ನೆರವಿಲ್ಲದೆಯೇ ಈ ಕಾರ್ಯವನ್ನು ಸಾಧಿಸಿದವರು ಜರ್ಮನಿಯ ಸಮಾಜಶಾಸ್ತ್ರಜ್ಞ ನಿಕ್ಲಾಸ್ ಲೂಮಾನ್.

1927ರಲ್ಲಿ ಲ್ಯೂನೆಬರ್ಗ್‌ನಲ್ಲಿ ಜನಿಸಿದ ಅವರು ಕಾನೂನು ವ್ಯಾಸಂಗ ಮಾಡಿ ಸರ್ಕಾರಿ ಸೇವೆ ಸೇರಿದರು. 1950ರ ದಶಕದ ಆರಂಭದಿಂದಲೇ ಓದಿದ್ದನ್ನೂ ಹೊಳೆದದ್ದನ್ನೂ ಚೀಟಿಗಳಲ್ಲಿ ಬರೆದಿಡತೊಡಗಿದರು. ಅವುಗಳನ್ನು ಕಟ್ಟುನಿಟ್ಟಾಗಿ ವಿಷಯವಾರು ವಿಂಗಡಿಸದಿದ್ದುದೇ ಅವರ ಜಾಣ್ಮೆ. ಹಾಗೆ ಮಾಡಿದ್ದರೆ ಅದೂ ಒಂದು ಕಚೇರಿ ಕಡತವಾಗುತ್ತಿತ್ತು! ಪ್ರತಿ ಚೀಟಿಗೂ ಬದಲಾಗದ ಸಂಖ್ಯೆಯೊಂದಿರುತ್ತಿತ್ತು. 1ನೇ ಚೀಟಿಯ ವಿಚಾರ ಕವಲೊಡೆದರೆ 1ಎ, ಅದೂ ಕವಲೊಡೆದರೆ 1ಎ1. ದೂರದ ಚೀಟಿಯ ಸಂಖ್ಯೆಯನ್ನು ಇಲ್ಲಿ ನಮೂದಿಸಿದರೆ ಕೊಂಡಿ ಸಿದ್ಧ.

1960ರ ದಶಕದ ಕೊನೆಯಲ್ಲಿ ಬೀಲೆಫೆಲ್ಡ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದಾಗ ಅವರು ಸಲ್ಲಿಸಿದ ಸಂಶೋಧನಾ ಯೋಜನೆ ಇಷ್ಟೆ: ವಿಷಯ ಸಮಾಜದ ಸಿದ್ಧಾಂತ, ಅವಧಿ 30 ವರ್ಷ, ವೆಚ್ಚ ಶೂನ್ಯ. ಆ ಗ್ರಂಥ 1997ರಲ್ಲಿ ಹೊರಬಂತು. ಮರುವರ್ಷ ನವೆಂಬರ್‌ನಲ್ಲಿ ಲೂಮಾನ್ ನಿಧನರಾದರು.

ಉಳಿದದ್ದು ಸುಮಾರು 90 ಸಾವಿರ ಚೀಟಿಗಳು. ವಾರಸುದಾರರ ನಡುವಿನ ವ್ಯಾಜ್ಯದಿಂದಾಗಿ ಅವು ವರ್ಷಗಟ್ಟಲೆ ವಿದ್ವಾಂಸರ ಕೈಗೆ ಸಿಗಲಿಲ್ಲ. ಕೊನೆಗೆ 2011ರಲ್ಲಿ ವಿಶ್ವವಿದ್ಯಾಲಯವೇ ಖರೀದಿಸಿತು. 2015ರಲ್ಲಿ ಗಣಕೀಕರಣ ಆರಂಭವಾಯಿತು. ಲೂಮಾನ್ ಕೈಯಿಂದ ಬರೆದ ಸಂಖ್ಯೆಗಳು ಪರದೆಯ ಮೇಲೆ ಒತ್ತಿದೊಡನೆ ತೆರೆದುಕೊಳ್ಳುವ ಕೊಂಡಿಗಳಾದವು.