ಋತುಗಳ ಲೆಕ್ಕವಿಟ್ಟ ಲಿಯೊಪೋಲ್ಡ್

ಸಾಹಿತ್ಯದ ವಿದ್ಯಾರ್ಥಿಗಳಿಗೆ ಋತುವರ್ಣನೆ ಹೊಸದಲ್ಲ. ಮಹಾಕಾವ್ಯಕ್ಕೆ ಬೇಕಾದ ಅಷ್ಟಾದಶ ವರ್ಣನೆಗಳಲ್ಲಿ ಅದೂ ಒಂದೆಂದು ನಾನು ಬಹುಕಾಲದಿಂದ ತರಗತಿಯಲ್ಲಿ ಹೇಳುತ್ತ ಬಂದಿದ್ದೇನೆ. ಆದರೆ ಋತುವು ಕವಿಯ ವರ್ಣನೆಗೆ ವಸ್ತುವಾಗಿರುವಂತೆಯೇ ಆಡಳಿತಗಾರನ ತೀರ್ಮಾನಕ್ಕೆ ಆಧಾರವೂ ಆಗಬೇಕೆಂಬುದು ನನಗೆ ಮನವರಿಕೆಯಾದದ್ದು ಅಮೆರಿಕದ ಅರಣ್ಯಶಾಸ್ತ್ರಜ್ಞ ಆಲ್ಡೊ ಲಿಯೊಪೋಲ್ಡನ ಜೀವನವನ್ನು ಓದಿದ ಮೇಲೆ.

ಆತನು ಹುಟ್ಟಿದ್ದು 1887ರ ಜನವರಿ 11ರಂದು, ಅಯೋವಾ ಸಂಸ್ಥಾನದ ಬರ್ಲಿಂಗ್‌ಟನ್ ಎಂಬ ಊರಿನಲ್ಲಿ. ಊರಿನ ಪಕ್ಕದಲ್ಲೇ ಮಿಸಿಸಿಪಿ ನದಿ. ವಸಂತದಲ್ಲಿ ಉತ್ತರಕ್ಕೂ ಶರತ್ಕಾಲದಲ್ಲಿ ದಕ್ಷಿಣಕ್ಕೂ ಹಾರುವ ನೀರುಹಕ್ಕಿಗಳಿಗೆ ಆ ಕಣಿವೆಯೇ ಹೆದ್ದಾರಿ. ಹಕ್ಕಿಗಳನ್ನು ನೋಡುತ್ತ ಬೆಳೆದ ಬಾಲಕನು ಯೇಲ್ ವಿಶ್ವವಿದ್ಯಾನಿಲಯದಲ್ಲಿ ಅರಣ್ಯಶಾಸ್ತ್ರವನ್ನು ಕಲಿತು, 1909ರಲ್ಲಿ ಸರ್ಕಾರದ ಅರಣ್ಯಸೇವೆಯನ್ನು ಸೇರಿ, ಅರಿಜೋನಾದ ಬೆಟ್ಟಗಾಡಿಗೆ ಹೋದನು.

ತೋಳಗಳನ್ನು ನಿರ್ಮೂಲ ಮಾಡಿದರೆ ಜಿಂಕೆಗಳು ಹೆಚ್ಚುವುವು, ಬೇಟೆಗಾರರು ಸಂತುಷ್ಟರಾಗುವರು ಎಂಬುದು ಅಂದಿನ ನೀತಿ. ತರುಣ ಲಿಯೊಪೋಲ್ಡನೂ ಅದನ್ನು ನಂಬಿದ್ದನು. ಆತನೂ ಸಂಗಡಿಗರೂ ಒಂದು ಹೆಣ್ಣುತೋಳಕ್ಕೆ ಗುಂಡಿಕ್ಕಿದರು. ಅದು ಪ್ರಾಣ ಬಿಡುವಾಗ ಅದರ ಕಣ್ಣಿನಲ್ಲಿ ಆರಿಹೋದ ಹಸುರು ಬೆಳಕನ್ನು ಆತನು ಬಹಳ ವರ್ಷಗಳ ತರುವಾಯ, 1944ರಲ್ಲಿ, ಪಶ್ಚಾತ್ತಾಪದಿಂದ ನೆನೆದು ಬರೆದನು. ತೋಳಗಳಿಲ್ಲದ ಬೆಟ್ಟಗಳಲ್ಲಿ ಜಿಂಕೆಗಳು ಹೆಚ್ಚಿ, ಗಿಡಗಂಟಿಗಳನ್ನೆಲ್ಲ ಮೇದು, ಕಡೆಗೆ ಹಸಿವಿನಿಂದ ಸಾಯುವುದನ್ನು ಆ ವೇಳೆಗೆ ಆತನು ಕಂಡಿದ್ದನು. ಜಿಂಕೆಯ ಹಿಂಡು ಕೆಲವೇ ವರ್ಷಗಳಲ್ಲಿ ಮತ್ತೆ ಬೆಳೆದೀತು. ಬೋಳಾದ ಇಳಿಜಾರು ಚೇತರಿಸಿಕೊಳ್ಳಲು ದಶಕಗಳೇ ಬೇಕು. ಈ ಎರಡು ಕಾಲಗಳ ಅಂತರವನ್ನು ತಿಳಿಯದ ನೀತಿ ನಾಶಕ್ಕೆ ದಾರಿಯೆಂಬುದೇ ಆತನು ಕಲಿತ ಪಾಠ.

1924ರಲ್ಲಿ ಆತನ ಪ್ರಯತ್ನದಿಂದ ನ್ಯೂ ಮೆಕ್ಸಿಕೋದ ಗಿಲಾ ಪ್ರದೇಶವು ರಸ್ತೆಗಳಿಲ್ಲದ ವನ್ಯಪ್ರದೇಶವೆಂದು ಘೋಷಿತವಾಯಿತು. ಆದರೆ ಕೆಲವೇ ವರ್ಷಗಳಲ್ಲಿ, ಅಲ್ಲಿ ಮಿತಿಮೀರಿದ ಜಿಂಕೆಗಳನ್ನು ಬೇಟೆಗಾರರು ತಲಪಲೆಂದು ಅದರ ನಡುವೆಯೇ ರಸ್ತೆಯನ್ನು ತೆರೆಯಬೇಕಾಯಿತು. ತೋಳವನ್ನು ಕಳೆದುಕೊಂಡ ಕಾಡು ತಾನು ಕಾಡಾಗಿ ಉಳಿಯುವ ಹಕ್ಕನ್ನೂ ಕಳೆದುಕೊಂಡಿತ್ತು.

1933ರಲ್ಲಿ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕನಾದ ಲಿಯೊಪೋಲ್ಡನು, 1935ರಲ್ಲಿ ವಿಸ್ಕಾನ್ಸಿನ್ ನದಿಯ ಬಳಿ ಸಾರಗೆಟ್ಟ ಮರಳುಭೂಮಿಯೊಂದನ್ನು ಕೊಂಡನು. ಅಲ್ಲಿದ್ದುದು ಒಂದು ಹಳೆಯ ಕೋಳಿಗೂಡು ಮಾತ್ರ. ಹೆಂಡತಿ ಎಸ್ಟೆಲ್ಲಾ ಮತ್ತು ಐವರು ಮಕ್ಕಳೊಡನೆ ಅದನ್ನೇ ರಜಾದಿನಗಳ ವಾಸಕ್ಕೆ ಅಣಿಮಾಡಿದನು. ಎಲ್ಲರೂ ಸೇರಿ ಪೈನ್ ಸಸಿಗಳನ್ನು ನೆಟ್ಟರು. 1936ರ ಬರದಲ್ಲಿ ಅವುಗಳಲ್ಲಿ ಬಹುಪಾಲು ಒಣಗಿದುವು. ಮರುವರ್ಷ ಮತ್ತೆ ನೆಟ್ಟರು. ಅಲ್ಲಿಯೇ ಆತನು ಬೆಳಗಿನ ಜಾವಕ್ಕೆ ಎದ್ದು, ಹೆಬ್ಬಾತುಗಳು ಬಂದ ದಿನ, ಮೊದಲ ಹೂವರಳಿದ ದಿನ, ಹಿಮ ಕರಗಿದ ದಿನ, ಎಲ್ಲವನ್ನೂ ಬರೆದಿಡತೊಡಗಿದನು. 1935ರಿಂದ 1945ರವರೆಗಿನ ಈ ಲೆಕ್ಕವು 1947ರಲ್ಲಿ ಶಾಸ್ತ್ರೀಯ ಲೇಖನವಾಗಿ ಪ್ರಕಟವಾಯಿತು.

ಋತುಗಳ ವಿಷಯದಲ್ಲಿ ಇಷ್ಟು ಸಹನೆಯಿದ್ದವನಿಗೆ ಜನರ ಅಸಹನೆಯನ್ನು ಎದುರಿಸುವ ಕಾಲವೂ ಬಂದಿತು. 1943ರಲ್ಲಿ ಆತನು ವಿಸ್ಕಾನ್ಸಿನ್ನಿನ ನಿಸರ್ಗ ಸಂರಕ್ಷಣಾ ಆಯೋಗದ ಸದಸ್ಯನಾದನು. ಚಳಿಗಾಲದಲ್ಲಿ ಜಿಂಕೆಗಳು ಹಸಿವಿನಿಂದ ಸಾಯುತ್ತಿದ್ದುದರಿಂದ, ಹೆಣ್ಣುಜಿಂಕೆಗಳನ್ನೂ ಬೇಟೆಯಾಡಿ ಹಿಂಡನ್ನು ತಗ್ಗಿಸಬೇಕೆಂದು ವಾದಿಸಿದನು. ಆ ವರ್ಷದ ಬೇಟೆಯಲ್ಲಿ ಒಂದು ಲಕ್ಷಕ್ಕೂ ಮಿಕ್ಕಿ ಜಿಂಕೆಗಳು ಬಿದ್ದುವು. ಜನರು ಕೆರಳಿದರು, ಪತ್ರಿಕೆಗಳಲ್ಲಿ ನಿಂದೆ ಸುರಿಯಿತು. ಅವರ ಕಣ್ಣಿಗೆ ಬಿದ್ದುದು ಈ ವರ್ಷದ ಜಿಂಕೆ. ಆತನ ಕಣ್ಣಿನಲ್ಲಿದ್ದುದು ಮುಂದಿನ ಅರ್ಧ ಶತಮಾನದ ಕಾಡು. ಆತನು ಬದುಕಿರುವವರೆಗೂ ಈ ವಿವಾದ ತಣ್ಣಗಾಗಲಿಲ್ಲ.

ಹಲವು ಪ್ರಕಾಶಕರು ತಿರಸ್ಕರಿಸಿದ್ದ ಆತನ ಪ್ರಬಂಧಸಂಗ್ರಹವನ್ನು 1948ರ ಏಪ್ರಿಲ್ 14ರಂದು ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ ಅಂಗೀಕರಿಸಿತು. ಒಂದು ವಾರದ ಮೇಲೆ, 21ರಂದು, ನೆರೆಯವನ ಹುಲ್ಲುಗಾವಲಿಗೆ ಹತ್ತಿದ ಬೆಂಕಿಯನ್ನು ಆರಿಸುತ್ತಿದ್ದಾಗಲೇ ಲಿಯೊಪೋಲ್ಡನು ಹೃದಯಾಘಾತದಿಂದ ತೀರಿಕೊಂಡನು. ಗ್ರಂಥವು 1949ರಲ್ಲಿ ‘ಎ ಸ್ಯಾಂಡ್ ಕೌಂಟಿ ಅಲ್ಮನಾಕ್’ ಎಂಬ ಹೆಸರಿನಿಂದ ಹೊರಬಂದಿತು. ಅದರ ಮೊದಲ ಭಾಗ ಜನವರಿಯಿಂದ ಡಿಸೆಂಬರಿನವರೆಗೆ ತಿಂಗಳುಗಳ ಕ್ರಮದಲ್ಲಿ ಸಾಗುತ್ತದೆ; ಭೂಮಿಯ ವಿಷಯದಲ್ಲಿ ಮನುಷ್ಯನ ಧರ್ಮವೇನೆಂಬ ವಿಚಾರದಲ್ಲಿ ಗ್ರಂಥ ಮುಗಿಯುತ್ತದೆ. ಋತುಗಳನ್ನು ಕಂಡವನೇ ಧರ್ಮವನ್ನು ಹೇಳಬಲ್ಲನೆಂಬ ಭಾವ ಆ ಕ್ರಮದಲ್ಲಿಯೇ ಅಡಗಿದೆಯೆಂದು ನನಗೆ ತೋರುತ್ತದೆ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಮಗಳು ನೀನಾ ಲಿಯೊಪೋಲ್ಡ್ ಬ್ರಾಡ್ಲಿ ಅದೇ ನೆಲಕ್ಕೆ ಮರಳಿ ಬಂದು, ತಂದೆಯಂತೆಯೇ ದಿನಗಳನ್ನು ಗುರುತು ಹಾಕಿಕೊಂಡರು. ಆಕೆಯೂ ಸಹೋದ್ಯೋಗಿಗಳೂ ಎರಡು ತಲೆಮಾರಿನ ದಾಖಲೆಗಳನ್ನು ಹೋಲಿಸಿ 1999ರಲ್ಲಿ ಲೇಖನವನ್ನು ಪ್ರಕಟಿಸಿದರು. 61 ವರ್ಷಗಳ ಅವಧಿಯಲ್ಲಿ, 55 ಘಟನೆಗಳ ಸರಾಸರಿಯಂತೆ, ವಸಂತದ ಆಗಮನವು ವರ್ಷಕ್ಕೆ 0.12 ದಿನದಷ್ಟು ಮುಂಚಿತವಾಗುತ್ತ ಬಂದಿತ್ತು. ಒಟ್ಟಿನಲ್ಲಿ ಸುಮಾರು ಒಂದು ವಾರ. ಕೆಲವು ಗಿಡಗಳೂ ಹಕ್ಕಿಗಳೂ ತಮ್ಮ ದಿನವನ್ನು ಬದಲಿಸಿರಲಿಲ್ಲ. ಒಡನಾಡಿಗಳ ಕಾಲವೇ ಬೇರೆಬೇರೆಯಾಗತೊಡಗಿತ್ತು. ಹವಾಮಾನದ ಬದಲಾವಣೆಯನ್ನು ಕುರಿತ ವಾದದಲ್ಲಿ ಆ ಹಳೆಯ ದಿನಚರಿ ಸಾಕ್ಷಿಯಾಯಿತು.

ಹೆಬ್ಬಾತು ಬಂದ ದಿನವನ್ನು ಬರೆದಿಟ್ಟಾಗ ಲಿಯೊಪೋಲ್ಡನಿಗೆ ಈ ಉಪಯೋಗದ ಕಲ್ಪನೆಯೂ ಇರಲಾರದು. ಸರ್ಕಾರಗಳ ಆಯುಷ್ಯ ಕೆಲವು ವರ್ಷ, ಆಯವ್ಯಯದ ಅವಧಿ ಒಂದೇ ವರ್ಷ. ಮರಳುಭೂಮಿಯಲ್ಲಿ ಪೈನ್ ಮರ ಬೆಳೆದು ನಿಲ್ಲಲು ಒಂದು ಜೀವಮಾನವೇ ಬೇಕು. ಅಷ್ಟು ಕಾಲದ ಲೆಕ್ಕವನ್ನು ಇಡುವವರು ಯಾರು? ವಿದ್ಯಾರ್ಥಿಗಳಿಗೆ ಋತುವರ್ಣನೆಯನ್ನು ಪಾಠ ಹೇಳುವಾಗ ಈಗ ನಾನು ಒಂದು ಮಾತನ್ನು ಸೇರಿಸುತ್ತೇನೆ: ಊರಿನ ಒಂದು ಮರವನ್ನು ಆರಿಸಿಕೊಳ್ಳಿರಿ, ಅದು ಹೂಬಿಟ್ಟ ದಿನವನ್ನು ಬರೆದಿಡಿರಿ, ಮುಂದಿನ ವರ್ಷವೂ ಬರೆಯಿರಿ.